ಮನೆಗಾಡಿಯ ಚಳಿನಿದ್ದೆ

ಅಮೆರಿಕದ ಅಯೋವಾ, ಮಿನ್ನೆಸೋಟಾ, ಮಿಶಿಗನ್ ಸೀಮೆಯಲ್ಲಿ ಅಕ್ಟೋಬರ್ ಬಂತೆಂದರೆ ಮನೆಯಂಗಳಗಳಲ್ಲಿ ಒಂದು ವಿಚಿತ್ರ ಕೆಲಸ ನಡೆಯುತ್ತದೆ. ನಿಂತ ಮೋಟಾರ್‌ಹೋಮ್‌ನೊಳಗೆ ಯಾರೋ ಒಬ್ಬರು ಅಡುಗೆಮನೆಯ ನಲ್ಲಿ ತಿರುಗಿಸಿ ಕಾಯುತ್ತಾರೆ. ಮೊದಲು ನೀರು, ಆಮೇಲೆ ಗಾಳಿಯ ಗುಳುಗುಳು, ಕೊನೆಗೆ ಗುಲಾಬಿ ಬಣ್ಣದ ದ್ರವ. ಬಣ್ಣ ಕಂಡ ಕೂಡಲೇ ಆ ನಲ್ಲಿ ಬಂದ್. ಮುಂದೆ ಬಿಸಿನೀರಿನ ನಲ್ಲಿ, ಬಚ್ಚಲಿನ ಷವರ್, ಕಕ್ಕಸಿನ ಫ್ಲಶ್, ಕೆಸರುಗಾಲು ತೊಳೆಯಲೆಂದು ಹೊರಮೈಗೆ ಕೂರಿಸಿದ ಪುಟ್ಟ ಷವರ್. ಒಂದೊಂದರಲ್ಲೂ ಗುಲಾಬಿ ಇಣುಕುವ ತನಕ ಬಿಡುವಂತಿಲ್ಲ. ಒಂದನ್ನು ಮರೆತರೆ, ಮರೆತದ್ದು ಯಾವುದೆಂದು ಏಪ್ರಿಲ್‌ನಲ್ಲಿ ನೆಲಹಾಸಿನಡಿಯ ಪಸೆ ತೋರಿಸಿಕೊಡುತ್ತದೆ.

ಕಾರಣ ಶಾಲೆಯ ವಿಜ್ಞಾನ ಪುಸ್ತಕದಲ್ಲೇ ಇದೆ. ತಣ್ಣಗಾಗುತ್ತ ಹೋಗುವ ನೀರು 4 ಡಿಗ್ರಿ ಸೆಲ್ಸಿಯಸ್‌ವರೆಗೆ ಕುಗ್ಗುತ್ತದೆ, ಅಲ್ಲಿಂದ ಕೆಳಗೆ ಹಿಗ್ಗತೊಡಗುತ್ತದೆ, ಮಂಜುಗಡ್ಡೆಯಾಗುವಾಗ ಅದರ ಗಾತ್ರ ಸುಮಾರು ಶೇ 9ರಷ್ಟು ಹೆಚ್ಚುತ್ತದೆ. ಬಯಲಲ್ಲಿಟ್ಟ ಬಕೆಟ್ಟಿನಲ್ಲಾದರೆ ಅದಕ್ಕೆ ಮೇಲಕ್ಕೆ ಉಬ್ಬಲು ಜಾಗವಿದೆ. ಎರಡೂ ಕಡೆ ಮುಚ್ಚಿದ ಕೊಳವೆಯಲ್ಲಿ ಇಲ್ಲ. ಅಲ್ಲಿ ಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರಿನ ಒತ್ತಡ ಏರುತ್ತ ಹೋಗಿ ತಾಮ್ರ, ಹಿತ್ತಾಳೆ, ಪ್ಲಾಸ್ಟಿಕ್ ಎನ್ನದೆ ಸೀಳುತ್ತದೆ. ಸೀಳಿದ್ದು ಜನವರಿಯಲ್ಲಾದರೂ ಗೊತ್ತಾಗುವುದು ಗಡ್ಡೆ ಕರಗಿದ ಮೇಲೆಯೇ.

ಕರ್ನಾಟಕದಿಂದ ಹೋಗಿ ಟೊರಾಂಟೊ, ಮಿನಿಯಾಪೊಲಿಸ್, ಡೆಟ್ರಾಯಿಟ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೂ ಈ ಕೆಲಸದ ಪರಿಚಯ ಉಂಟು. ಮೋಟಾರ್‌ಹೋಮ್ ಇಲ್ಲದವರೂ ದೀಪಾವಳಿಯ ಆಸುಪಾಸಿನಲ್ಲಿ ಹಿತ್ತಿಲ ನಲ್ಲಿಯ ನೀರು ನಿಲ್ಲಿಸಿ, ಕೊಳವೆ ಬರಿದು ಮಾಡಿ, ಹುಲ್ಲುಹಾಸಿನ ಸ್ಪ್ರಿಂಕ್ಲರ್‌ಗಳಿಗೆ ಗಾಳಿ ಊದಿಸುತ್ತಾರೆ. ಇಷ್ಟೆಲ್ಲ ಸಹಜವಾಗಿ ಹೋದ ಈ ಪದ್ಧತಿ ಮೋಟಾರ್‌ಹೋಮ್‌ನ ಮಟ್ಟಿಗೆ ಅಷ್ಟೇನೂ ಹಳೆಯದಲ್ಲ. ಗಾಡಿಯಲ್ಲೇ ಮನೆ ಮಾಡಿಕೊಂಡು ತಿರುಗಿದವರು ಯುರೋಪಿನಲ್ಲಿ ಹತ್ತೊಂಬತ್ತನೇ ಶತಮಾನದಿಂದ ಇದ್ದಾರೆ. ಅವರ ಗಾಡಿಗಳನ್ನು ಯಾರೂ ಚಳಿಗಾಲಕ್ಕೆಂದು ಬರಿದು ಮಾಡಿ ಮಲಗಿಸಲಿಲ್ಲ. ಏಕೆಂದರೆ ಚಳಿಗಾಲದಲ್ಲಿ ಅವರು ಅವುಗಳೊಳಗೇ ಇರುತ್ತಿದ್ದರು.

ಇಂಗ್ಲೆಂಡಿನ ರೊಮಾನಿ ಜನರ ಬಣ್ಣದ ಗಾಡಿಗಳನ್ನು ಮ್ಯೂಸಿಯಮ್ಮುಗಳಲ್ಲಿ ನೋಡಿದವರ ಕಣ್ಣು ಮೊದಲು ಕೆತ್ತನೆ, ಚಿನ್ನದ ಗೆರೆಗಳತ್ತ ಹೋಗುತ್ತದೆ. ಆದರೆ ಆ ಗಾಡಿಯ ಜೀವ ಇದ್ದದ್ದು ಬಾಗಿಲ ಪಕ್ಕದ ಎರಕದ ಒಲೆಯಲ್ಲಿ. ಒಲೆಯ ಹೊಗೆಕೊಳವೆ ಗಾಡಿಯ ಬಲಮಗ್ಗುಲಿಗೇ ಇರುತ್ತಿತ್ತು. ರಸ್ತೆಯ ಎಡಬದಿಯಲ್ಲಿ ಸಾಗುವ ಗಾಡಿಗೆ ಎಡಗಡೆ ಬೇಲಿಮರಗಳ ಕೊಂಬೆ ಬಡಿಯುತ್ತವೆ, ಬಲಗಡೆ ಬಯಲು. ಬೇಸಿಗೆಯುದ್ದಕ್ಕೂ ಹೊಲಗದ್ದೆಗಳ ಕೂಲಿ, ಕುದುರೆ ಸಂತೆಗಳೆಂದು ಅಲೆದವರಲ್ಲಿ ಎಷ್ಟೋ ಮಂದಿ ಚಳಿ ಶುರುವಾದಾಗ ಲಂಡನ್ನಿನ ಬ್ಯಾಟರ್ಸಿ, ವಾಂಡ್ಸ್‌ವರ್ತ್ ಕಡೆಯ ಖಾಲಿ ಜಾಗಗಳಲ್ಲಿ ಗಾಡಿ ನಿಲ್ಲಿಸುತ್ತಿದ್ದರು. ಗಾಡಿ ನಿಲ್ಲುತ್ತಿತ್ತು, ಒಲೆ ಉರಿಯುತ್ತಲೇ ಇತ್ತು. ನೀರು ಇದ್ದದ್ದು ಹೊರಗಿಟ್ಟ ಕ್ಯಾನಿನಲ್ಲಿ. ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಒಡೆದು ಕಾಯಿಸಿಕೊಳ್ಳಬೇಕು, ಅಷ್ಟೇ.

ಜಾತ್ರೆಗಳಲ್ಲಿ ರಾಟೆತೊಟ್ಟಿಲು, ಮರಗುದುರೆ ತಿರುಗಿಸುವ ಬ್ರಿಟನ್ನಿನ ಷೋಮನ್ ಕುಟುಂಬಗಳದ್ದು ಇನ್ನೂ ಕಟ್ಟುನಿಟ್ಟಿನ ಪಂಚಾಂಗ. ಕಿಂಗ್ಸ್ ಲಿನ್ ಪಟ್ಟಣದಲ್ಲಿ ಫೆಬ್ರುವರಿ 14ರಂದು ತೆರೆಯುವ ‘ಮಾರ್ಟ್’ನಿಂದ ಅವರ ವರ್ಷ ಶುರು. ಅಕ್ಟೋಬರ್‌ನ ನಾಟಿಂಗ್‌ಹ್ಯಾಮ್ ಗೂಸ್ ಫೇರ್, ಹಲ್ ಫೇರ್ ಮುಗಿದರೆ ಹೆಚ್ಚೂಕಡಿಮೆ ಮುಗಿದಂತೆ. ಆಮೇಲೆ ಎಲ್ಲರೂ ತಂತಮ್ಮ ಚಳಿಗಾಲದ ಯಾರ್ಡಿಗೆ. ಅಲ್ಲಿ ಮಕ್ಕಳಿಗೆ ಒಂದಷ್ಟು ತಿಂಗಳು ಶಾಲೆ, ದೊಡ್ಡವರಿಗೆ ಬಣ್ಣ, ಬಡಗಿತನ, ಮದುವೆ ಮಾತುಕತೆ. ಜಾತ್ರೆಗೆ ವಿದ್ಯುತ್ ಕೊಡುತ್ತಿದ್ದ ಉಗಿಎಂಜಿನ್ನುಗಳ ಬಾಯ್ಲರ್ ಮಾತ್ರ ಈ ಹೊತ್ತಿನಲ್ಲಿ ಬರಿದಾಗುತ್ತಿತ್ತು. ನೀರು ಬಿಟ್ಟು, ಒಳಗಿನ ಕಿಟ್ಟ ತೊಳೆದು, ಒಣಗಿಸಿ ಇಡದಿದ್ದರೆ ಒಂದೇ ಹಿಮದ ರಾತ್ರಿಯಲ್ಲಿ ಬೆಲೆಬಾಳುವ ಯಂತ್ರಕ್ಕೆ ಬಿರುಕು. ಮಲಗುವ ಗಾಡಿಗೆ ಬೇಡವಾಗಿದ್ದ ಚಳಿಗಾಲದ ಶುಶ್ರೂಷೆ, ನೀರು ಕುಡಿಯುವ ಯಂತ್ರಕ್ಕೆ ಆಗಲೇ ಬೇಕಾಗಿತ್ತು.

    

ಅಟ್ಲಾಂಟಿಕ್‌ನ ಆಚೆ ಸರ್ಕಸ್ಸಿನವರು ಇದೇ ಪದ್ಧತಿಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದರು. ರಿಂಗ್ಲಿಂಗ್ ಸಹೋದರರು 1884ರಲ್ಲಿ ಸರ್ಕಸ್ ಶುರುಮಾಡಿದ್ದು ವಿಸ್ಕಾನ್ಸಿನ್‌ನ ಬಾರಾಬೂ ಎಂಬ ಪುಟ್ಟ ಊರಿನಲ್ಲಿ. 1918ರವರೆಗೂ ಅದೇ ಅವರ ಚಳಿಗಾಲದ ಬಿಡಾರ. ಬಾರಾಬೂ ನದಿಯ ದಂಡೆಯಲ್ಲಿ ಆನೆಗಳಿಗೆ, ಕುದುರೆಗಳಿಗೆ, ಒಂಟೆಗಳಿಗೆ ಬೇರೆಬೇರೆ ಕೊಟ್ಟಿಗೆಗಳೆದ್ದವು. ಹಿಮ ಬೀಳುವ ತಿಂಗಳುಗಳಲ್ಲಿ ನೂರಾರು ಗಾಲಿಗಳು ಬಿಚ್ಚಿಕೊಂಡು ದುರಸ್ತಿಯಾಗುತ್ತಿದ್ದವು, ಮೆರವಣಿಗೆಯ ಬಂಡಿಗಳಿಗೆ ಹೊಸ ಬಣ್ಣ ಏರುತ್ತಿತ್ತು. ರಿಂಗ್ಲಿಂಗ್‌ಗಳ ಬಂಧುಗಳೇ ಆದ ಮೋಲರ್ ಕುಟುಂಬದ ಬಂಡಿ ಕಾರ್ಖಾನೆಯೂ ಅದೇ ಊರಿನಲ್ಲಿತ್ತು. ಬಾರಾಬೂ ಬಿಟ್ಟು ಬೇರೆಡೆಗೆ ಹೋಗಿದ್ದ ಸರ್ಕಸ್ಸು 1927ರಲ್ಲಿ ತನ್ನ ಚಳಿಗಾಲದ ಠಾಣ್ಯವನ್ನು ಬೆಚ್ಚಗಿನ ಫ್ಲಾರಿಡಾದ ಸಾರಸೋಟಾಕ್ಕೆ ಒಯ್ದಿತು. ಬಾರಾಬೂನ ಹಳೆಯ ಕೊಟ್ಟಿಗೆಗಳಲ್ಲಿ 1959ರಿಂದ ಸರ್ಕಸ್ ಮ್ಯೂಸಿಯಂ ಇದೆ.

ಗಾಡಿಯನ್ನು ಹೊಟ್ಟೆಪಾಡಿನಿಂದ ಬಿಡಿಸಿ ಮೋಜಿಗೆ ತಂದವನು ಒಬ್ಬ ಡಾಕ್ಟರು. ಸ್ಕಾಟ್ಲೆಂಡಿನ ಗೋರ್ಡನ್ ಸ್ಟೇಬಲ್ಸ್ ನೌಕಾಪಡೆಯಲ್ಲಿ ಶಸ್ತ್ರವೈದ್ಯನಾಗಿದ್ದು ನಿವೃತ್ತನಾಗಿ, ಹುಡುಗರ ಸಾಹಸಕಥೆಗಳನ್ನು ಬರೆದು ಹೆಸರು ಮಾಡಿದವನು. ಅವನು ಬ್ರಿಸ್ಟಲ್ ವ್ಯಾಗನ್ ವರ್ಕ್ಸ್‌ನಿಂದ ಸುಮಾರು ಎರಡು ಟನ್ ತೂಕದ ‘ವಾಂಡರರ್’ ಎಂಬ ಗಾಡಿ ಮಾಡಿಸಿಕೊಂಡು 1885ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನಿಂದ ಉತ್ತರಕ್ಕೆ ಹೊರಟ. ಎಳೆಯಲು ಎರಡು ಕುದುರೆ. ಇಳಿಜಾರು, ತಿರುವುಗಳಿದ್ದರೆ ಎಚ್ಚರಿಸಲು ಟ್ರೈಸಿಕಲ್ ಮೇಲೆ ಮುಂದೆ ಮುಂದೆ ಓಡುವ ಒಬ್ಬ ಸೇವಕ. ಮರುವರ್ಷ ಬಂದ ಅವನ ಪ್ರವಾಸಕಥನ ಓದಿದ ಉಳ್ಳವರಿಗೆ ಗಾಡಿಯ ಹುಚ್ಚು ಹತ್ತಿತು. 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು.

ಸ್ಟೇಬಲ್ಸ್‌ನ ಗಾಡಿಗೂ ಬ್ಯಾಟರ್ಸಿಯ ಗಾಡಿಗೂ ನೋಟಕ್ಕಿಂತ ದೊಡ್ಡ ವ್ಯತ್ಯಾಸ ಒಂದಿತ್ತು. ಬೇಸಿಗೆ ಮುಗಿದೊಡನೆ ಸಾಹೇಬರು ಕಲ್ಲಿನ ಮನೆಗೆ ಮರಳುತ್ತಿದ್ದರು. ಗಾಡಿಯಲ್ಲಿ ಒಲೆ ಆರುತ್ತಿತ್ತು. ವರ್ಷದಲ್ಲಿ ಏಳೆಂಟು ತಿಂಗಳು ಖಾಲಿ ಬಿದ್ದಿರುವ ಮನೆಗಾಡಿ ಎಂಬ ಹೊಸ ವಸ್ತು ಹುಟ್ಟಿದ್ದು ಹೀಗೆ. ಆದರೂ ಆಗಿನ್ನೂ ಭಯವಿರಲಿಲ್ಲ. ಪಾತ್ರೆಯ ನೀರು ಚೆಲ್ಲಿ, ಹಾಸಿಗೆ ಒಣಗಿಸಿ, ಬಂಡಿಮನೆಯ ಬಾಗಿಲು ಮುಚ್ಚಿದರೆ ಸಾಕಿತ್ತು.

ಭಯ ಮೊದಲು ಬಂದದ್ದು ಎಂಜಿನ್ನಿನ ಜೊತೆಗೆ.

ಇಪ್ಪತ್ತನೇ ಶತಮಾನದ ಮೊದಲ ಎರಡು ದಶಕಗಳಲ್ಲಿ ಉತ್ತರ ಅಮೆರಿಕದ ಕಾರು ಮಾಲೀಕರು ಚಳಿಗಾಲದಲ್ಲಿ ಕಾರು ಓಡಿಸುತ್ತಿದ್ದುದೇ ಅಪರೂಪ. ಹಳ್ಳಿ ರಸ್ತೆಗಳ ಹಿಮ ತೆಗೆಯುವವರು ಇರಲಿಲ್ಲ. ಜಾರುಬಂಡಿಗಳಿಗೆ ಅನುಕೂಲವಾಗಲೆಂದು ದೊಡ್ಡ ರೋಲರ್ ಎಳೆದು ಹಿಮವನ್ನು ಗಟ್ಟಿ ಮಾಡುತ್ತಿದ್ದರು. ಕಾರಿಗೆ ಮೇಲ್ಮುಚ್ಚಳಿಕೆಯಿಲ್ಲ, ಒಳಗೆ ಕಾವಿಲ್ಲ. ಹಾಗಾಗಿ ನವೆಂಬರ್‌ನಲ್ಲಿ ಕಾರನ್ನು ಕೊಟ್ಟಿಗೆಗೆ ಹೊಡೆದು, ಅಚ್ಚುಗಳಡಿ ಮರದ ದಿಮ್ಮಿ ಕೊಟ್ಟು ಮೇಲೆತ್ತಿ ನಿಲ್ಲಿಸುವುದು ರೂಢಿಯಾಯಿತು. ಟೈರುಗಳನ್ನು ಕಳಚಿ ಬಟ್ಟೆ ಸುತ್ತಿ ಬೆಳಕು ಬೀಳದ ನೆಲಮಾಳಿಗೆಯಲ್ಲಿಡುತ್ತಿದ್ದರು. ರೇಡಿಯೇಟರ್‌ನ ನೀರು ಬಿಡುತ್ತಿದ್ದರು. 1912ರಲ್ಲಿ ಕ್ಯಾಡಿಲಾಕ್ ವಿದ್ಯುತ್ ಸ್ಟಾರ್ಟರ್ ತಂದಮೇಲೆ ಬ್ಯಾಟರಿಯೂ ಒಂದು ಜವಾಬ್ದಾರಿಯಾಯಿತು. ಅದನ್ನು ಬಿಚ್ಚಿ ಊರಿನ ಬ್ಯಾಟರಿ ಅಂಗಡಿಗೆ ಚಳಿಗಾಲದ ಪಾಲನೆಗೆ ಕೊಟ್ಟು ಬಂದರೆ, ಬಾಡಿಗೆ ಪಡೆದು ಆಗಾಗ ಚಾರ್ಜ್ ಮಾಡಿ ವಸಂತಕ್ಕೆ ವಾಪಸು ಕೊಡುತ್ತಿದ್ದರು. ಇಂದಿನ ಮೋಟಾರ್‌ಹೋಮ್ ಮಾಲೀಕ ಅಕ್ಟೋಬರ್‌ನಲ್ಲಿ ಮಾಡುವ ಕೆಲಸಗಳಲ್ಲಿ ಅರ್ಧದಷ್ಟು, ಬ್ಯಾಟರಿ ತೆಗೆಯುವುದು, ಟೈರಿಗೆ ಹೊದಿಕೆ ಹಾಕುವುದು, ಭಾರ ಇಳಿಸುವುದು, ಆ ಕೊಟ್ಟಿಗೆಯಿಂದಲೇ ಬಂದ ಬಳುವಳಿ.

ಚಳಿಯಲ್ಲೂ ಓಡಿಸಲೇಬೇಕಾದ ಡಾಕ್ಟರು, ಟಪಾಲಿನವರ ಪಾಡು ಬೇರೆ. ಅವರು ರಾತ್ರಿ ರೇಡಿಯೇಟರ್ ಬರಿದು ಮಾಡಿ, ಬೆಳಿಗ್ಗೆ ಕಾದ ನೀರು ತುಂಬಿ, ನಿಂತಲ್ಲೆಲ್ಲ ಎಂಜಿನ್ನಿಗೆ ಕಂಬಳಿ ಹೊದಿಸುತ್ತಿದ್ದರು. ನೀರು ಹೆಪ್ಪುಗಟ್ಟದಿರಲೆಂದು ಅದಕ್ಕೆ ಬೆರೆಸದ ಪದಾರ್ಥವಿಲ್ಲ. ಜೇನುತುಪ್ಪ, ಸಕ್ಕರೆ ಪಾಕ, ಗ್ಲಿಸರಿನ್, ಕ್ಯಾಲ್ಸಿಯಂ ಕ್ಲೋರೈಡ್ ಉಪ್ಪು. ಜೇನು, ಪಾಕಗಳು ಅಂಟಿ ಹಿಡಿದವು, ಉಪ್ಪು ಲೋಹ ತಿಂದಿತು. ಕೊನೆಗೆ ಗೆದ್ದದ್ದು ಮದ್ಯಸಾರ. ಅಗ್ಗ ನಿಜ, ಆದರೆ ಮರದ ಮದ್ಯಸಾರ ಕುದಿಯುವುದೇ ಸುಮಾರು 65 ಡಿಗ್ರಿಯಲ್ಲಿ. ಎಂಜಿನ್ ಬಿಸಿಯಾದಷ್ಟೂ ಅದು ಆವಿಯಾಗಿ ಹೋಗುತ್ತಿತ್ತು, ವಾರವಾರವೂ ಪರೀಕ್ಷಿಸಿ ಸುರಿಯಬೇಕಿತ್ತು. ಈ ರಗಳೆಗೆ ಕೊನೆ ಹಾಡಿದ್ದು 197 ಡಿಗ್ರಿಯವರೆಗೆ ಕುದಿಯದ ಎಥಿಲೀನ್ ಗ್ಲೈಕಾಲ್. 1927ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಕಂಪನಿ ‘ಪ್ರೆಸ್ಟೋನ್’ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ಒಮ್ಮೆ ತುಂಬಿದರೆ ಚಳಿಗಾಲ ಪೂರ್ತಿ ಚಿಂತೆಯಿಲ್ಲ. ಎಂಜಿನ್ನಿನ ನೀರಿನ ಸಮಸ್ಯೆ ಅಲ್ಲಿಗೆ ಬಗೆಹರಿಯಿತು. ಮನೆಯ ನೀರಿನ ಸಮಸ್ಯೆ ಗಾಡಿಗೆ ಇನ್ನೂ ಬರಬೇಕಿತ್ತು.

ಅಷ್ಟರಲ್ಲಿ ಕಾರೂ ಮನೆಯೂ ಒಂದಾಗುವ ಪ್ರಯೋಗಗಳು ಶುರುವಾಗಿದ್ದವು. 1910ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪಿಯರ್ಸ್-ಆ್ಯರೊ ಕಂಪನಿ ತೋರಿಸಿದ ‘ಟೂರಿಂಗ್ ಲ್ಯಾಂಡೊ’ ಕಾರಿನ ಹಿಂದಿನ ಸೀಟು ಹಾಸಿಗೆಯಾಗುತ್ತಿತ್ತು, ಚಾಲಕನ ಬೆನ್ನ ಹಿಂದಿನಿಂದ ಕೈತೊಳೆಯುವ ಬೋಗುಣಿ ಮಡಚಿಕೊಂಡು ಹೊರಬರುತ್ತಿತ್ತು, ಅವನೊಡನೆ ಮಾತಾಡಲು ಟೆಲಿಫೋನೂ ಇತ್ತು. 1915ರಲ್ಲಿ ರೋಲಂಡ್ ಕಾಂಕ್ಲಿನ್ ಎಂಬ ಉದ್ಯಮಿ ತನ್ನ ಬಸ್ ಕಾರ್ಖಾನೆಯಲ್ಲೇ 25 ಅಡಿ ಉದ್ದದ ‘ಜಿಪ್ಸಿ ವ್ಯಾನ್’ ಕಟ್ಟಿಸಿ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದ. ಇವು ಶ್ರೀಮಂತರ ಆಟಿಕೆಗಳು. ಸಾಮಾನ್ಯರು ಫೋರ್ಡ್ ಮಾಡೆಲ್-ಟಿ ಕಾರಿನ ಬೆನ್ನಿಗೆ ತಾವೇ ಮರದ ಗೂಡು ಕಟ್ಟಿಕೊಂಡು ಹೊರಟರು.

ಆ ಸಾಮಾನ್ಯರೇ ಚಳಿಗಾಲಕ್ಕೆ ಇನ್ನೊಂದು ಉತ್ತರ ಕಂಡುಕೊಂಡರು. ಗಾಡಿಯನ್ನು ಮಲಗಿಸುವುದೇಕೆ, ಚಳಿಯಿಲ್ಲದ ಕಡೆಗೆ ಓಡಿಸಿದರಾಯಿತು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾ ನಗರದ ಡಿ ಸೋಟೊ ಪಾರ್ಕಿನಲ್ಲಿ ಬಿಡಾರ ಹೂಡಿದ್ದ ಪ್ರವಾಸಿಗರು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಕೂಟ ಕಟ್ಟಿದರು. ರೇಡಿಯೇಟರ್ ಮುಚ್ಚಳಕ್ಕೆ ಬೆಸುಗೆ ಹಾಕಿದ ತಗಡಿನ ಡಬ್ಬಿಯೇ ಅವರ ಲಾಂಛನ. ದಾರಿಯಲ್ಲಿ ಎದುರಾದ ಗಾಡಿಯ ಮೂತಿಯ ಮೇಲೆ ಡಬ್ಬಿ ಕಂಡರೆ ನಮ್ಮವರೆಂದು ಗುರುತು. ಉತ್ತರದ ರೈತರು, ನಿವೃತ್ತರು, ಹಂಗಾಮಿ ಕೆಲಸಗಾರರು ಹಿಮ ಬೀಳುವ ಮೊದಲೇ ಮೂಟೆ ಕಟ್ಟಿಕೊಂಡು ದಕ್ಷಿಣಕ್ಕೆ ಇಳಿಯುತ್ತಿದ್ದರು. ಹೀಗೆ ವಲಸೆ ಹೋಗುವವರಿಗೆ ಅಮೆರಿಕನ್ನರು ಇಟ್ಟ ಹೆಸರು ‘ಸ್ನೋಬರ್ಡ್’, ಹಿಮದಹಕ್ಕಿ. ಮೊದಲು ಅದು ಚಳಿಗಾಲದ ಊಟ-ವಸತಿಗಾಗಿಯೇ ಸೈನ್ಯ ಸೇರುವವರನ್ನು ಹಂಗಿಸುವ ಮಾತಾಗಿತ್ತು.

ಗಾಡಿಯೊಳಗೆ ನೀರು ಹೊಕ್ಕದ್ದು ಹಂತಹಂತವಾಗಿ. ಜರ್ಮನಿಯ ಆಲ್ಗಾಯ್ ಬೆಟ್ಟಸಾಲಿನ ಇಸ್ನಿ ಪಟ್ಟಣದಲ್ಲಿ ಚಾಟಿ, ಸ್ಕೀ ಕೋಲುಗಳನ್ನು ಮಾಡುವ ಮನೆತನದ ಆರಿಸ್ಟ್ ಡೆತ್ಲೆಫ್ಸ್ 1931ರಲ್ಲಿ ‘ವೋನ್‌ಆಟೊ’, ಅಂದರೆ ವಾಸದ ಕಾರು, ಕಟ್ಟಿದ. ಅವನ ಭಾವಿ ಪತ್ನಿ, ಚಿತ್ರಕಲಾವಿದೆಯಾದ ಫ್ರಿಡೆಲ್ ಎಡೆಲ್‌ಮನ್‌ಗೆ ಅವನ ವ್ಯಾಪಾರದ ಪ್ರವಾಸಗಳಲ್ಲಿ ಜೊತೆಗಿರುವ ಆಸೆ, ಹೋದಲ್ಲಿ ಬಣ್ಣ ಹಚ್ಚುವ ಆಸೆ. ಜರ್ಮನಿಯ ಕ್ಯಾರವಾನ್ ಉದ್ಯಮ ಆ ಆಸೆಯಿಂದ ಶುರುವಾಯಿತು. ಅಮೆರಿಕದಲ್ಲಿ ವಾಲಿ ಬಯಾಮ್ 1936ರಲ್ಲಿ ತಂದ ಏರ್‌ಸ್ಟ್ರೀಮ್ ಕ್ಲಿಪ್ಪರ್ ಎಂಬ ಅಲ್ಯೂಮಿನಿಯಂ ಟ್ರೇಲರ್‌ಗೆ ಬೆಲೆ 1,200 ಡಾಲರ್. ಅದರಲ್ಲಿ ನಾಲ್ಕು ಜನರಿಗೆ ಹಾಸಿಗೆ, ವಿದ್ಯುದ್ದೀಪ, ಸ್ವಂತ ನೀರಿನ ವ್ಯವಸ್ಥೆ, ಡ್ರೈ ಐಸ್ ಇಟ್ಟು ಗಾಳಿ ತಂಪು ಮಾಡುವ ಏರ್ಪಾಡು ಎಲ್ಲ ಇದ್ದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕೈಪಂಪು ಹೋಗಿ 12 ವೋಲ್ಟಿನ ಪಂಪು ಬಂತು. ಅದರ ಹಿಂದೆಯೇ ಗ್ಯಾಸಿನಿಂದ ಕಾಯುವ ಬಿಸಿನೀರಿನ ತೊಟ್ಟಿ, ಷವರ್, ಫ್ಲಶ್ ಆಗುವ ಕಕ್ಕಸು, ಕೊಳೆನೀರಿನ ಎರಡೆರಡು ಟ್ಯಾಂಕು.

ಮಿಶಿಗನ್‌ನ ಬ್ರೌನ್ ಸಿಟಿ ಎಂಬ ಊರಿನಲ್ಲಿ ರೇ ಫ್ರಾಂಕ್ 1950ರ ದಶಕದ ಕೊನೆಯಲ್ಲಿ ತನ್ನ ಕುಟುಂಬಕ್ಕೆಂದು ಒಂದು ಗಾಡಿ ಕಟ್ಟಿ ಅದನ್ನು ‘ಮೋಟಾರ್ ಹೋಮ್’ ಎಂದು ಕರೆದ. ಹೆಸರು ನಿಂತಿತು. ಅದನ್ನು ಸಾಮಾನ್ಯರ ಕೈಗೆಟುಕಿಸಿದ್ದು ಅಯೋವಾದ ಫಾರೆಸ್ಟ್ ಸಿಟಿ. ಬೇಸಾಯವೊಂದನ್ನೇ ನಂಬಿದ್ದ ಆ ಊರಿಗೊಂದು ಕಾರ್ಖಾನೆ ಬೇಕೆಂದು ಪೀಠೋಪಕರಣದ ವ್ಯಾಪಾರಿ ಜಾನ್ ಹ್ಯಾನ್ಸನ್ ಮತ್ತು ಊರಿನ ಮುಖಂಡರು ಓಡಾಡಿ 1958ರಲ್ಲಿ ಟ್ರೇಲರ್ ತಯಾರಿಕೆ ತಂದರು. ಅದೇ ಮುಂದೆ ವಿನ್ನೆಬೇಗೋ ಕಂಪನಿಯಾಯಿತು. 1966ರಲ್ಲಿ ಅದರ ಮೊದಲ ಮೋಟಾರ್‌ಹೋಮ್ ಹೊರಬಂತು. ಕಾರಿನಂತೆ ಸಾಲಿನಲ್ಲಿ ಜೋಡಿಸುವ ಪದ್ಧತಿಯಿಂದ ಬೆಲೆ ಇಳಿಯಿತು. ಅಮೆರಿಕನ್ನರ ಬಾಯಲ್ಲಿ ‘ವಿನ್ನೆಬೇಗೋ’ ಎಂದರೆ ಮೋಟಾರ್‌ಹೋಮ್ ಎಂದೇ ಅರ್ಥ ಬಂತು. ಬೇಸಿಗೆಯಲ್ಲಿ ಎರಡು ವಾರ, ಹಬ್ಬದ ರಜೆಗಳಲ್ಲಿ ನಾಲ್ಕು ದಿನ ಓಡಿಸಿ ಉಳಿದಂತೆ ಅಂಗಳದಲ್ಲಿ ನಿಲ್ಲಿಸುವ ಸಾವಿರಾರು ಕುಟುಂಬಗಳು ಹುಟ್ಟಿಕೊಂಡವು. ಆ ಗಾಡಿಗಳನ್ನು ಕಟ್ಟಿದ ಫಾರೆಸ್ಟ್ ಸಿಟಿಯಲ್ಲೇ ಜನವರಿಯ ರಾತ್ರಿಗಳಲ್ಲಿ ಪಾದರಸ ಮೈನಸ್ 20 ಡಿಗ್ರಿಗೆ ಇಳಿಯುತ್ತದೆ.

ಇಲ್ಲಿಗೆ ಎರಡು ಎಳೆಗಳೂ ಕೂಡಿದವು. ಸ್ಟೇಬಲ್ಸ್‌ನಿಂದ ಬಂದ ಖಾಲಿತನ ಒಂದು, ಊರಮನೆಯಿಂದ ಬಂದ ನಲ್ಲಿನೀರು ಇನ್ನೊಂದು. ಒಲೆಯಿಲ್ಲದ ಮನೆಯಲ್ಲಿ ನೀರು ನಿಂತಿತು.

ಪರಿಹಾರಕ್ಕೆ ಮಾಲೀಕರು ಮೊದಲು ನೋಡಿದ್ದು ಸರೋವರದಂಡೆಯ ಬೇಸಿಗೆಮನೆಗಳ ಕಡೆಗೆ. ಅವನ್ನು ಶರತ್ಕಾಲದಲ್ಲಿ ಮುಚ್ಚುವ ಪದ್ಧತಿ ಆಗಲೇ ಗಟ್ಟಿಯಾಗಿತ್ತು. ಮುಖ್ಯ ನಲ್ಲಿ ನಿಲ್ಲಿಸುವುದು, ಅತಿ ತಗ್ಗಿನ ಜಾಗದ ಬಿರಡೆ ತೆಗೆದು ಕೊಳವೆ ಬರಿದು ಮಾಡುವುದು, ಬಚ್ಚಲ ಬೋಗುಣಿಗಳಡಿಯ ಬಾಗುಕೊಳವೆಗೆ ಉಪ್ಪೋ ಸೀಮೆಎಣ್ಣೆಯೋ ಸುರಿಯುವುದು. ಚರಂಡಿಯ ನಾತ ಮೇಲೆ ಬರದಂತೆ ನೀರಿನ ತಡೆ ನಿಲ್ಲಿಸುವ ಆ ಬಾಗು 1775ರಲ್ಲಿ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ತಯಾರಕ ಪೇಟೆಂಟ್ ಪಡೆದ ಕಕ್ಕಸಿನಿಂದ ಬಂದದ್ದು. ಬರಿದಾಗದಂತೆಯೇ ರೂಪಿಸಿದ ಕೊಳವೆ ಅದು. ಕೊಳವೆ ಬರಿದು ಮಾಡುವವನಿಗೆ ಅದೇ ದೊಡ್ಡ ತಲೆನೋವು.

ಗಾಡಿಯಲ್ಲಿ ಇನ್ನೂ ಒಂದು ತೊಡಕು. ಇಕ್ಕಟ್ಟಿನಲ್ಲಿ ಹತ್ತು ಕಡೆ ತಿರುಗಿ ಮಲಗಿದ ಕೊಳವೆಗಳಲ್ಲಿ ನೀರು ತಾನಾಗಿ ಪೂರ್ತಿ ಇಳಿಯುವುದಿಲ್ಲ. ಹಾಗಾಗಿ ಎರಡು ಮಾರ್ಗಗಳು ಬೆಳೆದವು. ಒಂದು, ಕಂಪ್ರೆಸರ್‌ನಿಂದ ಹದವಾದ ಒತ್ತಡದ ಗಾಳಿ ಹಾಯಿಸಿ ಕೊನೆಯ ಹನಿಯನ್ನೂ ಊದಿ ತೆಗೆಯುವುದು. ಇನ್ನೊಂದು, ನೀರಿನ ಜಾಗದಲ್ಲಿ ಆ್ಯಂಟಿಫ್ರೀಜ್ ತುಂಬುವುದು. ಎಂಜಿನ್ನಿಗೆ ವರವಾಗಿದ್ದ ಎಥಿಲೀನ್ ಗ್ಲೈಕಾಲ್ ಇಲ್ಲಿ ನಡೆಯಲಿಲ್ಲ. ಅದು ರುಚಿಗೆ ಸಿಹಿ, ಹೊಟ್ಟೆಗೆ ಹೋದರೆ ಮೂತ್ರಪಿಂಡ ಕೆಡಿಸುವ ವಿಷ. ಗ್ಯಾರೇಜಿನ ನೆಲದಲ್ಲಿ ಚೆಲ್ಲಿದ್ದನ್ನು ನೆಕ್ಕಿದ ನಾಯಿ, ಬೆಕ್ಕುಗಳು ಸಾಯುತ್ತವೆ. ಕುಡಿಯುವ ನೀರಿನ ಕೊಳವೆಗೆ ಅದರ ಸಂಬಂಧಿಯೇ ಆದ, ಆದರೆ ಆಹಾರ ಪದಾರ್ಥ, ಔಷಧಗಳಲ್ಲೂ ಬಳಸುವ ಪ್ರೊಪಿಲೀನ್ ಗ್ಲೈಕಾಲ್ ಬಂತು. ಕಾರಿನ ಹಸಿರು ದ್ರವದೊಡನೆ ಯಾರೂ ಗೊಂದಲ ಮಾಡಿಕೊಳ್ಳದಂತೆ ಅದಕ್ಕೆ ಗುಲಾಬಿ ಬಣ್ಣ. ಬಿಸಿನೀರಿನ ತೊಟ್ಟಿಗೂ ಅದನ್ನೇ ತುಂಬಿದರೆ ಇಪ್ಪತ್ತು ಲೀಟರಿಗೂ ಹೆಚ್ಚು ದುಂದು. ಅದಕ್ಕೇ ತೊಟ್ಟಿಯನ್ನು ಬರಿದು ಮಾಡಿ, ಬೈಪಾಸ್ ಕವಾಟ ತಿರುಗಿಸಿ, ದ್ರವ ಅದನ್ನು ಬಳಸಿಕೊಂಡು ಹೋಗುವಂತೆ ಮಾಡುವುದನ್ನು ತಯಾರಕರು ಕಲಿತರು. ಆಗ ಹತ್ತು ಲೀಟರಿನ ಒಳಗೇ ಕೆಲಸ ಮುಗಿಯುತ್ತದೆ.

ಗುಲಾಬಿ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಮೈನಸ್ 50 ಎಂದಿರುತ್ತದೆ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಮೈನಸ್ 46 ಡಿಗ್ರಿ. ಹೊಸಬರು ಇದನ್ನು ಹೆಪ್ಪುಗಟ್ಟುವ ಬಿಂದು ಎಂದು ಓದಿ, ಅರ್ಧ ನೀರು ಬೆರೆಸಿದರೂ ನಡೆದೀತೆಂದು ಲೆಕ್ಕ ಹಾಕುತ್ತಾರೆ. ಅಲ್ಲೇ ಎಡವಟ್ಟು. ಆ ದ್ರವ ಮೈನಸ್ 12ರ ಆಸುಪಾಸಿನಲ್ಲೇ ಕೆಸರಿನಂತೆ ಗಟ್ಟಿಯಾಗತೊಡಗುತ್ತದೆ. ಕೊಳವೆ ಒಡೆಯುವಷ್ಟು ಹಿಗ್ಗುವುದಿಲ್ಲ ಎಂಬುದಷ್ಟೇ ಮೈನಸ್ 50ರ ಭರವಸೆ. ನೀರು ಬೆರೆತರೆ ಅದೂ ಇಲ್ಲ.

ಕೊಳವೆಗಳ ಚರಿತ್ರೆಯೂ ಇದಕ್ಕೆ ಹೆಣೆದುಕೊಂಡಿದೆ. ತಾಮ್ರ ದುಬಾರಿ, ಗಾಡಿಯ ಕುಲುಕಾಟಕ್ಕೆ ಬೆಸುಗೆ ಬಿಡುತ್ತಿತ್ತು, ಹಿಮಕ್ಕೆ ಸೀಳುತ್ತಿತ್ತು. 1970ರ ದಶಕದ ಕೊನೆಯಿಂದ ಅಗ್ಗದ, ಬಾಗುವ, ಬೂದು ಬಣ್ಣದ ಪಾಲಿಬ್ಯುಟಿಲೀನ್ ಕೊಳವೆ ಅಮೆರಿಕದ ಲಕ್ಷಾಂತರ ಮನೆಗಳಿಗೂ ಗಾಡಿಗಳಿಗೂ ಬಂತು. ಚಳಿ ತಾಳಿತು. ಆದರೆ ಊರನೀರಿನ ಕ್ಲೋರಿನ್‌ಗೆ ಒಳಗೊಳಗೇ ಸವೆದು, ಜೋಡಣೆಗಳಲ್ಲಿ ಬಿರಿಯತೊಡಗಿತು. ಮೊಕದ್ದಮೆಗಳು ಬೆಳೆದು 1995ರಲ್ಲಿ 95 ಕೋಟಿ ಡಾಲರಿನ ರಾಜಿಯಾಯಿತು, ಆ ಕೊಳವೆಯ ಕಾಲ ಮುಗಿಯಿತು. ಅದರ ಜಾಗಕ್ಕೆ ಬಂದದ್ದು ಜರ್ಮನಿಯ ಥಾಮಸ್ ಎಂಗೆಲ್ 1968ರಲ್ಲಿ ರೂಪಿಸಿದ ಪೆಕ್ಸ್. ನೀರು ಹೆಪ್ಪುಗಟ್ಟಿದರೆ ಪೆಕ್ಸ್ ಕೊಳವೆ ತುಸು ಉಬ್ಬಿ, ಕರಗಿದ ಮೇಲೆ ಮತ್ತೆ ಕುಗ್ಗುತ್ತದೆ. ಅದನ್ನು ಜೋಡಿಸುವ ಹಿತ್ತಾಳೆ ಬಳೆಗಳು, ಪಂಪಿನ ತಲೆ, ಕಕ್ಕಸಿನ ಕವಾಟಗಳಿಗೆ ಆ ಗುಣವಿಲ್ಲ. ಹೀಗಾಗಿ ಗುಲಾಬಿ ದ್ರವಕ್ಕೆ ಇನ್ನೂ ರಜೆ ಸಿಕ್ಕಿಲ್ಲ.

ನೀರಿನ ಕೆಲಸ ಮುಗಿದ ಮೇಲೆ ಉಳಿದ ಸಣ್ಣಪುಟ್ಟವು. ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, 1922ರಲ್ಲಿ ಕಂಡುಹಿಡಿದ, ಬೆಂಕಿಯಿಂದಲೇ ತಂಪಾಗುವ ಫ್ರಿಜ್ಜು ಇಂದಿಗೂ ಎಷ್ಟೋ ಗಾಡಿಗಳಲ್ಲಿದೆ. ಅದರ ಬಾಗಿಲನ್ನು ಬೂಸು ಹಿಡಿಯದಂತೆ ತುಸು ತೆರೆದಿಡಬೇಕು, ಬರ್ನರಿನಲ್ಲಿ ಜೇಡ ಗೂಡು ಕಟ್ಟಿಲ್ಲವೇ ಎಂದು ವಸಂತದಲ್ಲಿ ನೋಡಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಅದರ ಆ್ಯಸಿಡ್ ಯಾವ ಚಳಿಗೂ ಜಗ್ಗದು, ಬರಿದಾಗಿದ್ದರೆ ಮೈನಸ್ 10ರ ಆಸುಪಾಸಿನಲ್ಲೇ ಹೆಪ್ಪುಗಟ್ಟಿ ಪೆಟ್ಟಿಗೆ ಒಡೆಯುತ್ತದೆ. ಇನ್ನು ಇಲಿ. ಬೆಚ್ಚಗಿನ ಸೀಟು, ಮೆಲ್ಲಲು ವೈರು, ಕಾಟ ಕೊಡುವವರಿಲ್ಲ. ಅದಕ್ಕೆ ನ್ಯಾಫ್ಥಲೀನ್ ಗುಳಿಗೆಯಿಂದ ಪುದೀನ ಎಣ್ಣೆಯವರೆಗೆ ಊರಿಗೊಂದು ಮದ್ದು ಹೇಳುತ್ತಾರೆ. ತೂತುಗಳಿಗೆಲ್ಲ ಉಕ್ಕಿನ ನಾರು ತುರುಕುವವರೇ ಹೆಚ್ಚು ನೆಮ್ಮದಿಯಾಗಿರುವವರು.

ಯುರೋಪಿನ ದಾರಿ ಸ್ವಲ್ಪ ಬೇರೆಯಾಯಿತು. ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಿಂದ ಫೋಕ್ಸ್‌ವ್ಯಾಗನ್ ವ್ಯಾನುಗಳೊಳಗೆ ‘ಕ್ಯಾಂಪಿಂಗ್ ಬಾಕ್ಸ್’ ಕೂರಿಸತೊಡಗಿತು. ಆ ವ್ಯಾನಿನ ಎಂಜಿನ್ನಿಗೆ ಗಾಳಿಯೇ ತಂಪು, ನೀರೇ ಇಲ್ಲ. ಕೆಟಲಿನ ನೀರು ಚೆಲ್ಲಿದರೆ ಅದರ ಚಳಿಗಾಲದ ತಯಾರಿ ಮುಗಿದಂತೆ. ಗಾಡಿಗಳು ದೊಡ್ಡದಾದಂತೆ ಅಲ್ಲೂ ನಲ್ಲಿ, ಟ್ಯಾಂಕು ಬಂದವು, ಜೊತೆಗೆ ನಿಲ್ಲಿಸುವ ಜಾಗದ ಪ್ರಶ್ನೆಯೂ ಬಂತು. ನೆದರ್ಲ್ಯಾಂಡ್ಸ್‌ನ ಹಲವು ಊರುಗಳಲ್ಲಿ ಕ್ಯಾರವಾನನ್ನು ಬೀದಿಯಲ್ಲಿ ಕೆಲವು ದಿನಗಳಿಗಿಂತ ಹೆಚ್ಚು ನಿಲ್ಲಿಸುವಂತಿಲ್ಲ. ಹಾಗಾಗಿ ಬೇಸಾಯ ಬಿಟ್ಟ ರೈತರ ಕಣಜಗಳು, ಟೊಮೆಟೊ ಬೆಳೆಯುವುದು ನಿಂತ ಗಾಜಿನಮನೆಗಳು ಚಳಿಗಾಲದಲ್ಲಿ ಬಿಳಿ ಗಾಡಿಗಳಿಂದ ತುಂಬುತ್ತವೆ. ಜರ್ಮನಿ ಗಾಡಿಗಳ ಈ ಚಳಿನಿದ್ದೆಯನ್ನು ನಂಬರ್ ಪ್ಲೇಟಿಗೇ ಬರೆದಿಟ್ಟಿತು. 1997ರ ಮಾರ್ಚ್‌ನಿಂದ ಅಲ್ಲಿ ಹಂಗಾಮಿನ ಪ್ಲೇಟು ಸಿಗುತ್ತದೆ. ಅದರ ಬಲತುದಿಯಲ್ಲಿ 04, ಕೆಳಗೆ 10 ಎಂದಿದ್ದರೆ ಆ ಗಾಡಿಗೆ ಏಪ್ರಿಲ್‌ನಿಂದ ಅಕ್ಟೋಬರ್ ಕೊನೆಯವರೆಗೆ ಮಾತ್ರ ರಸ್ತೆ. ತೆರಿಗೆ, ವಿಮೆಯೂ ಅಷ್ಟೇ ತಿಂಗಳಿಗೆ. ನವೆಂಬರ್ 1ರಿಂದ ಅದನ್ನು ಓಡಿಸುವುದಿರಲಿ, ಸಾರ್ವಜನಿಕ ಬೀದಿಯಲ್ಲಿ ನಿಲ್ಲಿಸಿದರೂ ತಪ್ಪು.

ಕರ್ನಾಟಕಕ್ಕೂ ಇತ್ತೀಚಿನ ವರ್ಷಗಳಲ್ಲಿ ಬಾಡಿಗೆಯ ಕ್ಯಾರವಾನ್‌ಗಳು ಬಂದಿವೆ. ಇಲ್ಲಿ ಅವುಗಳಿಗೆ ಹಿಮದ ಭಯವಿಲ್ಲ. ಮಲೆನಾಡಿನ ಜೂನ್-ಜುಲೈ ತಿಂಗಳುಗಳ ತೇವಕ್ಕೆ ಹಾಸಿಗೆ ಬೂಸು ಹಿಡಿಯುವ ಭಯ. ವಾಹನವನ್ನು ಒಂದು ಋತುವಿಗೆ ದಡ ಹತ್ತಿಸುವ ರೂಢಿ ಕರಾವಳಿಗೆ ಹೊಸದೂ ಅಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಮಲ್ಪೆಯ ಬಂದರು ನಿಂತ ಬೋಟುಗಳಿಂದ ಗಿಜಿಗುಡುತ್ತದೆ. ಬಲೆ ಹೆಣೆಯುವುದು, ಎಂಜಿನ್ ಬಿಚ್ಚುವುದು, ಬಣ್ಣ ಬಳಿಯುವುದು, ಬಾರಾಬೂನಲ್ಲಿ ಹಿಮದ ತಿಂಗಳುಗಳಲ್ಲಿ ನಡೆಯುತ್ತಿದ್ದ ಕೆಲಸಗಳೇ.

ದಕ್ಷಿಣಕ್ಕೆ ಓಡುವವರ ದಾರಿ ಈಗ ಫ್ಲಾರಿಡಾವನ್ನೂ ದಾಟಿ ಅರಿಜೋನಾದ ಮರುಭೂಮಿಗೆ ತಲುಪಿದೆ. ಕ್ವಾರ್ಟ್‌ಸೈಟ್ ಎಂಬ ಪುಟ್ಟ ಊರಿನ ಸುತ್ತಲಿನ ಸರ್ಕಾರಿ ಬಯಲಿನಲ್ಲಿ 1983ರಿಂದ ಹಂಗಾಮಿ ಪರವಾನಗಿ ಕೊಡುತ್ತಾರೆ, ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ. ಅಲ್ಲಿನ ಗಾಡಿಗಳಲ್ಲಿ ಗುಲಾಬಿ ದ್ರವ ಇರುವುದಿಲ್ಲ, ಟ್ಯಾಂಕಿನಲ್ಲಿ ಕುಡಿಯುವ ನೀರೇ ಇರುತ್ತದೆ.   

ಏಪ್ರಿಲ್ ನಡುವಿನಲ್ಲಿ ಪರವಾನಗಿ ಮುಗಿದು ಆ ಬಯಲು ಬರಿದಾಗುವಾಗ, ಜರ್ಮನಿಯ ಕಣಜಗಳಿಂದ 04 ಎಂದು ಬರೆದ ಗಾಡಿಗಳು ರಸ್ತೆಗಿಳಿದಿರುತ್ತವೆ. ಅಯೋವಾದ ಅಂಗಳದಲ್ಲಿ ಅದೇ ನಲ್ಲಿ ಮತ್ತೆ ತಿರುಗುತ್ತದೆ. ಮೊದಲು ಗುಲಾಬಿ, ಆಮೇಲೆ ನೊರೆ, ಕೊನೆಗೆ ತಿಳಿನೀರು. ಟ್ಯಾಂಕಿಗೆ ಒಂದಿಷ್ಟು ಬ್ಲೀಚ್ ಹಾಕಿ ತೊಳೆದರೂ ಮೊದಲ ನಾಲ್ಕು ದಿನದ ಕಾಫಿಗೆ ಒಂದು ಬಗೆಯ ಸಪ್ಪೆ ಸಿಹಿ ಅಂಟಿಕೊಂಡಿರುತ್ತದೆ. ಅಷ್ಟು ಹೊತ್ತಿಗೆ ಕಿಂಗ್ಸ್ ಲಿನ್‌ನ ಮಾರ್ಟ್ ಮುಗಿದು ಒಂದೂವರೆ ತಿಂಗಳಾಗಿರುತ್ತದೆ. ಅಲ್ಲಿಂದ ಹೊರಟ ಷೋಮನ್ ಕುಟುಂಬಗಳು ಎರಡನೆಯದೋ ಮೂರನೆಯದೋ ಊರಿನ ಮೈದಾನದಲ್ಲಿ ರಾಟೆತೊಟ್ಟಿಲು ಕಟ್ಟುತ್ತಿರುತ್ತವೆ. ಅವರ ಅಡುಗೆಮನೆಯ ನಲ್ಲಿ ಚಳಿಗಾಲವಿಡೀ ನೀರು ಸುರಿಸಿದೆ.